ಮೀನಿನ ವಾಸನೆ ಬಂದ ಸ್ವಿಚ್‌ಬೋರ್ಡು

ನಮ್ಮದು ಲಿಂಗ ಕಟ್ಟಿದವರ ಮನೆ. ಮೊಟ್ಟೆ ಕೂಡ ಹೊಸ್ತಿಲು ದಾಟುವಂತಿಲ್ಲ. ಅಂಥ ಮನೆಯ ನಡುಮನೆಯಲ್ಲಿ ಒಂದು ಬೆಳಿಗ್ಗೆ ಮೀನಿನ ವಾಸನೆ ಎದ್ದಿತು.

ಮೊದಲು ಅದು ಮೂಗಿಗೆ ಬಡಿದದ್ದು ಅತ್ತೆಗೆ. ಪೂಜೆಗೆ ಕೂತಿದ್ದವರು ಅರ್ಧಕ್ಕೇ ಎದ್ದು ಬಂದು, "ಯಾರವ್ವಾ ಮನೆಯೊಳಕ್ಕೆ ಮೀನ್ ತಂದೋರು?" ಎಂದರು. ಕೇಳಿದ್ದು ಎಲ್ಲರನ್ನೂ, ನೋಡಿದ್ದು ನನ್ನನ್ನು. ಬೀನ್ಸು, ಕೋಸು ಮಾರಲು ನಮ್ಮೂರು ಪಣಕಹಳ್ಳಿಯಿಂದ ಬಸ್ಸು ಹತ್ತಿ ತಾಳವಾಡಿ ಸಂತೆಗೆ ಹೋಗುವವಳು ಮನೆಯಲ್ಲಿ ನಾನೊಬ್ಬಳೇ. ಅಲ್ಲಿ ನನ್ನ ಪಕ್ಕ ಕೂರುವ ಹೆಂಗಸು ಒಣಮೀನು ಮಾರುತ್ತಾಳೆ ಎಂಬುದೂ ಅವರಿಗೆ ಗೊತ್ತಿತ್ತು.

"ನಾನ್ ತಂದಿಲ್ಲ ಅತ್ತೆ."

"ಮತ್ತೆ ವಾಸ್ನೆ ತಾನಾಗೇ ಬತ್ತದಾ?"

ನನ್ನ ಚೀಲ ಕೊಡವಿ ನೋಡಿದರು. ಗಂಜಲ ಚಿಮುಕಿಸಿ ನೆಲ ಸಾರಿಸಿದರು. ಮರುದಿನ ಬೆಳಿಗ್ಗೆ ಮತ್ತೆ ಅದೇ ವಾಸನೆ.

ಮಾಡದ ತಪ್ಪು ಹೊತ್ತುಕೊಂಡು ಸುಮ್ಮನಿರುವುದು ನನ್ನ ಜಾಯಮಾನವಲ್ಲ. ವಾಸನೆ ಎಲ್ಲಿಂದ ಬರುತ್ತದೆಂದು ಹುಡುಕಲು ಹಟ ಹಿಡಿದು ಕೂತೆ. ಸ್ನಾನದ ನೀರಿಗೆ ಹೀಟರ್ ಕಡ್ಡಿ ಹಾಕಿದ ಸ್ವಲ್ಪ ಹೊತ್ತಿಗೆ ಅದು ಏಳುತ್ತಿತ್ತು, ಸ್ವಿಚ್ಚು ಆರಿಸಿದ ಮೇಲೆ ನಿಧಾನಕ್ಕೆ ಇಳಿಯುತ್ತಿತ್ತು. ಗೋಡೆಯ ಬೋರ್ಡಿನ ಹತ್ತಿರ ಹೋದೆ. ಪ್ಲಗ್ಗು ಚುಚ್ಚುವ ಜಾಗದ ಸುತ್ತ ಬಿಳಿ ಹಲಗೆ ಕಂದಿ ಕಂದು ಬಣ್ಣಕ್ಕೆ ತಿರುಗಿತ್ತು. ಒಳಗೆ ಏನೋ ಚಿರ್ ಚಿರ್ ಅನ್ನುತ್ತಿತ್ತು. ಹಿಂಗೈ ಹತ್ತಿರ ಹಿಡಿದರೆ ಬಿಸಿ. ಅದರ ಕೆಳಗೇ, ಗೋಡೆಗೆ ಒತ್ತರಿಸಿ, ಒಣಗಿದ ಜೋಳದ ತೆನೆಗಳ ರಾಶಿ.

ಆ ಬೋರ್ಡನ್ನು ಕೂರಿಸಿದವರು ನನ್ನ ಗಂಡನ ಅಣ್ಣ. ಮನೆಯ ಕರೆಂಟಿನ ಕೆಲಸವೆಲ್ಲ ಅವರ ಕೈಯದೇ, ಅದು ಅವರ ಹೆಮ್ಮೆಯೂ ಹೌದು. ಅವರಿಗೆ ಹೇಳಿದೆ. ನಕ್ಕುಬಿಟ್ಟರು.

"ಬೋರ್ಡ್‌ನಾಗೆ ಮೀನ್ ಸಾಕಿವ್ನಾ ನಾನು? ಮೊದ್ಲು ಗಳಿಗೆಗೊಂದ್ಸತಿ ಫ್ಯೂಸ್ ಓಯ್ತಿತ್ತು. ದಪ್ಪ ತಂತಿ ಕಟ್ಟಿವ್ನಿ, ಈಗ ಓಗೋದೇ ಇಲ್ಲ."

ಹೋಗಬೇಕಾದ ಫ್ಯೂಸು ಹೋಗದಿದ್ದರೆ ಸುಡುವುದು ಮನೆ. ಸೀದಾ ಹೋಗಿ ಮೇನ್ ಸ್ವಿಚ್ಚು ಕೆಳಗೆಳೆದೆ. ಪಿಂಗಾಣಿ ಫ್ಯೂಸು ಕಿತ್ತು ಸೊಂಟದ ಮಡಿಲಿಗೆ ಸಿಕ್ಕಿಸಿಕೊಂಡೆ.

"ಕುಡವ್ವ ಇಲ್ಲಿ," ಎಂದರು ಭಾವ. ನಗು ಹೋಗಿತ್ತು.

"ಕುಡಲ್ಲ. ಬೋರ್ಡ್ ಬಿಚ್ಚಿ ತೋರ್ಸಿ. ಒಳಗೆ ಚೆಂದಾಗಿದ್ರೆ ನಾನೇ ಆಕ್ತೀನಿ."

"ಒಲದಂಚಿಗೆ ಆನೆ ಬತ್ತಾವೆ. ಜಗಲಿ ಲೈಟಿಲ್ದೆ ಎಂಗಿರೋದು?"

"ಆನೆ ಬಂದ್ರೆ ನಾಯಿ ಬೊಗಳ್ತದೆ ಭಾವ, ಎದ್ದು ಓಡ್ಬೌದು. ಬೆಂಕಿ ಬಿದ್ರೆ ಮಲಗಿದ್ದೋರು ಏಳೋದೇ ಇಲ್ಲ."

ನನ್ನ ಗಂಡ ನಡುವೆ ಬಂದು, "ಕೊಟ್ಬುಡು, ಅಣ್ಣನ್ ಜೊತೆ ಯಾಕೆ," ಎಂದ. ಅವನನ್ನು ನೋಡಿದೆ ಅಷ್ಟೆ. ಅವನು ಮತ್ತೆ ಕೇಳಲಿಲ್ಲ. ಭಾವ ಊಟ ಬಿಟ್ಟು ಹೊಲಕ್ಕೆ ಹೋದರು. ಆ ಸಂಜೆ ಮನೆಯಲ್ಲಿ ಬುಡ್ಡಿದೀಪ. ಯಾರೂ ನನ್ನ ಜೊತೆ ಮಾತಾಡಲಿಲ್ಲ. ನಾನೂ ಯಾರನ್ನೂ ಮಾತಾಡಿಸಲು ಹೋಗಲಿಲ್ಲ. ಹೆದರಿಕೆ ಇರಲಿಲ್ಲವೆಂದಲ್ಲ, ಆದರೆ ಫ್ಯೂಸು ಮಡಿಲಲ್ಲೇ ಇತ್ತು.

ಬೆಳಿಗ್ಗೆ ಸೌದೆ ಒಲೆಯಲ್ಲಿ ನೀರು ಕಾಯಿಸಿದೆ. ಅತ್ತೆ ಮಿಂದು ಬಂದು ಪೂಜೆಗೆ ಕೂತರು. ಮುಗಿಯುವವರೆಗೂ ಏಳಲಿಲ್ಲ. ಎದ್ದ ಮೇಲೆ ನಡುಮನೆಯಲ್ಲಿ ನಿಂತು ಮೂಗರಳಿಸಿ ಎರಡು ಸಲ ಉಸಿರೆಳೆದುಕೊಂಡರು. ವಿಭೂತಿಯ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಜಗಲಿಯಲ್ಲಿ ಕೂತಿದ್ದ ಹಿರಿಮಗನತ್ತ ತಿರುಗಿ, "ಏಳ್ಲಾ, ಬಿಚ್ಚು ಅದ್ನ," ಎಂದರು.

ಭಾವ ಮುಖ ಗಂಟಿಕ್ಕಿಕೊಂಡೇ ತಿರುಪು ಕಳಚಿದರು. ಹಲಗೆ ಕೈಗೆ ಬರುತ್ತಿದ್ದಂತೆ ತಂತಿಯ ಮೇಲಿನ ಸಿಪ್ಪೆ ಒಣ ಎಲೆಯ ಹಾಗೆ ಪುಡಿಪುಡಿಯಾಗಿ ಉದುರಿತು. ಹಿಂದಿನ ಮರದ ಪೆಟ್ಟಿಗೆ ಅಂಗೈಯಗಲ ಇದ್ದಿಲಾಗಿತ್ತು. ಪ್ಲಗ್ಗು ಹಿಡಿಯಬೇಕಾದ ಹಿತ್ತಾಳೆ ಸಡಿಲಗೊಂಡು ಕಪ್ಪಿಟ್ಟಿತ್ತು. ಭಾವ ತಿರುಪುಳಿ ಕೆಳಗಿಟ್ಟು, ಜೋಳದ ತೆನೆಗಳನ್ನು ತಾವೇ ಬಾಚಿ ಬಾಚಿ ಹೊರಗೆ ಸಾಗಿಸಿದರು.

ನಾನು ಬಿಡಲಿಲ್ಲ. "ಮೀನ್ ತಂದೋರು ಯಾರು ಅಂತ ಗೊತ್ತಾಯ್ತಾ ಅತ್ತೆ?"

"ಸಾಕ್ ಬುಡವ್ವ," ಎಂದು ಅವರು ಅಡುಗೆಮನೆಗೆ ನಡೆದರು.

ತಾಳವಾಡಿಯಿಂದ ವೈರಿಂಗ್‌ನವರು ಬಂದು ಹಳೆಯ ತಂತಿಯನ್ನೆಲ್ಲ ಕಿತ್ತು ಹೊಸದು ಎಳೆದರು. ಹೀಟರಿಗೆ ಬೇರೆಯೇ ಲೈನು ಕೊಟ್ಟರು. ಬೋರ್ಡಿನ ಪ್ಲಾಸ್ಟಿಕ್ಕು ಕಾದು ಸುಡತೊಡಗಿದರೆ ಮೀನಿನಂಥ ವಾಸನೆಯೇ ಬರುತ್ತದೆಂದು ಅವರೂ ಹೇಳಿದರು. ಭಾವ ಬಹಳ ದಿನ ನನ್ನೊಡನೆ ಮುಖ ಕೊಟ್ಟು ಮಾತಾಡಲಿಲ್ಲ. ನನಗೆ ಅದರಿಂದ ನಷ್ಟವೇನೂ ಆಗಲಿಲ್ಲ.

ಆಮೇಲಿಂದ ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಬೋರ್ಡಿನ ಮೇಲೆ. ಈಚೆಗೆ ತಿಗನಾರೆಯ ನೆಂಟರ ಮನೆಯಲ್ಲಿ ನಿಶ್ಚಿತಾರ್ಥ. ಸೀರಿಯಲ್ ಲೈಟಿನ ಬರಿ ತಂತಿಗಳನ್ನೇ ತೂತಿಗೆ ತುರುಕಿ, ಅಲುಗಾಡದಂತೆ ಕಡ್ಡಿ ಚುಚ್ಚಿದ್ದರು. ಮೇಲೆ ಚಪ್ಪರದ ಒಣ ಗರಿ ಇಳಿಬಿದ್ದಿತ್ತು. ನಾನು ಸ್ವಿಚ್ಚು ಆರಿಸಿ ಅದಕ್ಕೆ ಕೈ ಅಡ್ಡ ಇಟ್ಟುಕೊಂಡು ನಿಂತೆ.

"ಮುತ್ತೈದೆಯಾಗಿ ಶುಭಕಾರ್ಯದಲ್ಲಿ ದೀಪ ಆರಿಸ್ತೀಯಾ?" ಎಂದು ಹಿರಿಯರೊಬ್ಬರು ರೇಗಿದರು. ಜನ ಎಲೆ ಬಿಟ್ಟು ನಮ್ಮತ್ತ ನೋಡತೊಡಗಿದರು.

"ಪ್ಲಗ್ ತಂದು ಸರಿಯಾಗಿ ಆಕ್ಸಿ. ಅಲ್ಲೀಗಂಟ ನಾನ್ ಕೈ ತೆಗಿಯಲ್ಲ."

ಹೆಂಗಸರ ಸಾಲಿನಲ್ಲಿ ಕೂತಿದ್ದ ಅತ್ತೆ ಸೆರಗು ಸರಿಮಾಡಿಕೊಂಡು ಎದ್ದು ಬಂದರು. ನನ್ನನ್ನು ಎಳೆದುಕೊಂಡು ಹೋಗುತ್ತಾರೆ ಎಂದುಕೊಂಡೆ. ಬಂದವರು ನನ್ನ ಪಕ್ಕಕ್ಕೆ ನಿಂತು, ಆ ಹಿರಿಯರಿಗೆ ಹೇಳಿದರು: "ಇವಳು ಜಗ್ಗೋಳಲ್ಲ. ಸುಮ್ಕೆ ಪ್ಲಗ್ ತರಿಸ್ಬುಡಿ."