ಉಪ್ಪಿಟ್ಟಿನ ತಟ್ಟೆ ಹಿಡಿಯದ ಶನಿವಾರ

ಅವರೆಕಾಯಿಯ ಕಾಲ. ಜಯನಗರದ ಅಜ್ಜಿಯ ಮನೆಯ ವರಾಂಡದಲ್ಲಿ ಆ ಭಾನುವಾರ ಮಧ್ಯಾಹ್ನ ನಾಲ್ಕು ಜನ ಇದ್ದೆವು. ಅಜ್ಜಿ ಮತ್ತು ನಾನು ನೆನೆಸಿದ ಅವರೆಕಾಳು ಹಿತುಕುತ್ತ ಕೂತಿದ್ದೆವು. ತಾತ ಬೆತ್ತದ ಕುರ್ಚಿಯಲ್ಲಿ ಪೇಪರ್ ಹಿಡಿದು, ಓದುತ್ತಿರುವಂತೆ ಕಾಣುತ್ತ ನಿದ್ದೆ ಮಾಡುತ್ತಿದ್ದರು. ನಾಲ್ಕನೆಯವಳು ನನ್ನ ಚಿಕ್ಕಮ್ಮ, ಅಜ್ಜಿಯ ಕಿರಿಮಗಳು. ಬ್ಯಾಂಕಿನಲ್ಲಿ ಕೆಲಸ, ಓಡಾಡಲು ಸ್ವಂತ ಮೊಪೆಡ್. ವಯಸ್ಸು ಇಪ್ಪತ್ತೆಂಟು ದಾಟಿದ್ದರೂ ಮದುವೆ ಆಗಿರಲಿಲ್ಲ. ನಾನು ಕಾಲೇಜಿಗೆಂದು ಆ ಮನೆಯಲ್ಲಿದ್ದೆ, ಚಿಕ್ಕಮ್ಮನ ಕೋಣೆಯಲ್ಲೇ ಮಲಗುತ್ತಿದ್ದೆ. ಹಾಗಾಗಿ ಅವಳು ಅವತ್ತು ಏನು ಹೇಳಲಿದ್ದಾಳೆ ಅನ್ನುವುದು ನನಗೊಬ್ಬಳಿಗೇ ಗೊತ್ತಿತ್ತು. ಆ ಸಂಭ್ರಮಕ್ಕೆ ನಾನು ಹಿತುಕಿದ ಕಾಳು ತಟ್ಟೆಗೆ ಬೀಳದೆ ತಾತನ ಪೇಪರಿನ ಕಡೆ ಹಾರುತ್ತಿದ್ದವು.

ಹನುಮಂತನಗರದ ಒಂದು ಮನೆಯಿಂದ ಕಾಗದ ಬಂದಿತ್ತು. ಹುಡುಗ ಕಾರ್ಖಾನೆಯಲ್ಲಿ ಇಂಜಿನಿಯರ್. ತಂದೆ ಇಲ್ಲ, ತಾಯಿ ಮಗ ಇಬ್ಬರೇ. ಎರಡು ವಾರ ಬಿಟ್ಟು ಬರುವ ಶನಿವಾರ ಸಂಜೆ ಹುಡುಗಿಯನ್ನು ನೋಡಲು ಬರುತ್ತೇವೆ ಎಂದು ಬರೆದಿದ್ದರು.

"ನೋಡೋಕೆ ಬರ್ಲಿ," ಅಂದಳು ಚಿಕ್ಕಮ್ಮ. "ಆದ್ರೆ ಈ ಮನೆಗಲ್ಲ. ಇನ್ಮೇಲೆ ನಾನು ಉಪ್ಪಿಟ್ಟಿನ ತಟ್ಟೆ ಹಿಡ್ಕೊಂಡು ಯಾರ ಮುಂದೂ ಬರಲ್ಲ."

ತಾತನ ಪೇಪರು ಮಡಿಲಿಗೆ ಇಳಿಯಿತು.

ಅವಳ ಸಿಟ್ಟಿಗೆ ಕಾರಣ ಇತ್ತು. ಆ ವರಾಂಡದಲ್ಲಿ ಆಗಲೇ ಆರು ಸಲ ವಧುಪರೀಕ್ಷೆ ನಡೆದಿತ್ತು. ಆರು ಸಲವೂ ಉಪ್ಪಿಟ್ಟು, ಕೇಸರಿಬಾತು, ಕಾಫಿ. ಆರು ಸಲವೂ ಚಿಕ್ಕಮ್ಮ ತಟ್ಟೆ ಹಿಡಿದು ತಲೆ ತಗ್ಗಿಸಿ ಬಂದಿದ್ದಳು. ಕೊನೆಯ ಸಲ ಬಂದ ಹುಡುಗನ ಸೋದರಮಾವ ಎರಡನೇ ಸಲ ಹಾಕಿಸಿಕೊಂಡು ತಿಂದು, ಕೈ ತೊಳೆದು, "ಒಗ್ಗರಣೆ ಸ್ವಲ್ಪ ಸೀದಿದೆ. ಹುಡುಗಿಗೆ ಇನ್ನೂ ಕೈ ಹದ ಬಂದಿಲ್ಲ" ಎಂದು ಹೇಳಿ ಹೋದರು. ಆ ಉಪ್ಪಿಟ್ಟು ಮಾಡಿದ್ದು ಅಜ್ಜಿ. ಬಸವನಗುಡಿಯಿಂದ ಬನಶಂಕರಿಯವರೆಗೆ ನಂಟರಿಷ್ಟರು ಮೂವತ್ತು ವರ್ಷದಿಂದ ಹೊಗಳಿಕೊಂಡು ತಿಂದಿದ್ದ ಉಪ್ಪಿಟ್ಟು ಅದು. ಅಜ್ಜಿ ಒಂದು ವಾರ ಅಡುಗೆಮನೆಯಲ್ಲಿ ಯಾರ ಹತ್ತಿರವೂ ಮಾತಾಡಲಿಲ್ಲ.

"ಮನೆಗಲ್ಲ ಅಂದ್ರೆ ಇನ್ನೆಲ್ಲಿ, ಬೀದೀಲಾ?" ಅಂದರು ಅಜ್ಜಿ.

"ಹೋಟೆಲಲ್ಲಿ."

"ಹೋಟೆಲಲ್ಲಿ ಹೆಣ್ಣು ತೋರಿಸ್ತಾರಾ? ಮೆನುನಲ್ಲಿ ಬರೆಸ್ತೀಯಾ?"

"ಅಮ್ಮ, ನೀನು ಎಷ್ಟಾದ್ರೂ ಆಡ್ಕೋ. ಇಡ್ಲಿ ದೋಸೆ ಹೋಟೆಲ್ ಆದ್ರೆ ಮತ್ತೆ ಅದೇ ಕತೆ. ಅವರಿಗೆ ಗೊತ್ತಿರೋ ತಿಂಡಿ ಆದ್ರೆ ಅದಕ್ಕೂ ಮಾರ್ಕ್ಸ್ ಕೊಡ್ತಾರೆ, ನನಗೂ ಕೊಡ್ತಾರೆ. ಅವರಿಗೂ ಗೊತ್ತಿರಬಾರ್ದು, ನಮಗೂ ಗೊತ್ತಿರಬಾರ್ದು, ಅಂಥ ಊಟ ಆಗ್ಬೇಕು. ಇಟಾಲಿಯನ್. ದುಡ್ಡು ನನ್ನದು. ಇದೊಂದು ಸಲ ಹೀಗೆ ನೋಡಿ. ಆಗಲ್ಲ ಅಂದ್ರೆ ಇನ್ನು ಈ ವಧುಪರೀಕ್ಷೆ ಸಹವಾಸವೇ ಬೇಡ, ನಾನು ಹೀಗೇ ಇರ್ತೀನಿ."

ತಾತ ಆರೂ ಸಲ ಆರೂ ತಟ್ಟೆಗಳನ್ನು ನೋಡಿದವರು. ಎದ್ದು ಕೊಡೆ ತೆಗೆದುಕೊಂಡು ಹನುಮಂತನಗರದ ಬಸ್ಸು ಹತ್ತಿದರು. ಸಂಜೆ ಬಂದು ಸುದ್ದಿ ಹೇಳಿದರು. ಹುಡುಗ ನಕ್ಕು, ಆಗಲಿ ಅಂದರಂತೆ. ತಾಯಿ ಒಂದೇ ಮಾತು ಸೇರಿಸಿದರಂತೆ: ನನಗೆ ಶನಿವಾರ ರಾತ್ರಿ ಫಲಾರ, ಅನ್ನ ಉಣ್ಣೋ ಹಾಗಿಲ್ಲ, ಈರುಳ್ಳಿ ಬೆಳ್ಳುಳ್ಳಿ ಮುಟ್ಟೋ ಹಾಗಿಲ್ಲ.

ಅಜ್ಜಿಯ ಮುಖದಲ್ಲಿ ಗೆದ್ದ ಕಳೆ. ಆದರೆ ಚಿಕ್ಕಮ್ಮ ಬೆರಳು ಮಡಿಸಿ ಎಣಿಸಿದಳು. "ಗೋಧಿ, ರವೆ, ಹಾಲು, ಟೊಮೇಟೊ. ಅವರ ಊಟದಲ್ಲಿ ಇರೋದೇ ಇಷ್ಟು. ಶನಿವಾರದ ಫಲಾರಕ್ಕೆ ಇನ್ನೇನು ಬೇಕು? ಈರುಳ್ಳಿ ಬೆಳ್ಳುಳ್ಳಿ ಬಿಟ್ಟು ಮಾಡ್ಸಿದ್ರಾಯ್ತು."

ಆ ಎರಡು ವಾರದಷ್ಟು ಖುಷಿಯಾಗಿ ನಾನು ಬೆಂಗಳೂರು ಸುತ್ತಿದ್ದು ಇನ್ನೊಂದು ಸಲ ಇಲ್ಲ. ಬ್ಯಾಂಕ್ ಮುಗಿದ ಮೇಲೆ ಚಿಕ್ಕಮ್ಮ ನನ್ನ ಕಾಲೇಜಿನ ಗೇಟಿಗೆ ಬರುವಳು, ನಾನು ಹಿಂದೆ ಕೂರುವೆ, ಸೆರಗು ಜಡೆ ಎಲ್ಲ ಹಾರಿಸಿಕೊಂಡು ಹೊರಡುವೆವು.

ಮೊದಲನೆಯದು ಬ್ರಿಗೇಡ್ ರೋಡಿನ ಹತ್ತಿರ ಒಂದು ಮಹಡಿಯ ಮೇಲೆ. ಒಳಗೆ ಕಾಲಿಟ್ಟರೆ ಕತ್ತಲೆ, ಮೇಜಿಗೊಂದು ಮೇಣದಬತ್ತಿ. "ಇಲ್ಲಿ ಹುಡುಗನ ಮುಖ ನೋಡ್ಬೇಕಾದ್ರೆ ಟಾರ್ಚ್ ತರ್ಬೇಕು ಕಣೇ," ಅಂದಳು ಚಿಕ್ಕಮ್ಮ ಪಿಸುದನಿಯಲ್ಲಿ. ಮೆನುವಿನ ಬಲಗಡೆ ಬರೆದಿದ್ದ ಬೆಲೆಗಳನ್ನು ಮೇಣದಬತ್ತಿಗೆ ಹಿಡಿದು ಓದಿದೆವು. ಆಮೇಲೆ ಇಬ್ಬರೂ ಅವರು ಇಟ್ಟಿದ್ದ ನೀರನ್ನು ಪೂರ್ತಿ ಕುಡಿದೆವು. "ನಮ್ಮ ಫ್ರೆಂಡ್ಸ್ ಬರ್ಲಿಲ್ಲ ಅಂತ ಕಾಣತ್ತೆ," ಎಂದು ಆರ್ಡರಿಗೆ ಕಾಯುತ್ತಿದ್ದ ಸೂಟಿನವರಿಗೆ ಹೇಳಿ ಚಿಕ್ಕಮ್ಮ ಇಳಿದು ಬಂದಳು. ಬೀದಿಗೆ ಬಂದ ಮೇಲೆ ಇಬ್ಬರಿಗೂ ತಡೆಯಲಾರದ ನಗು.

ಎರಡನೆಯದು ಜಯನಗರದ್ದೇ ಒಂದು ಬೇಕರಿ, ಬಾಗಿಲಲ್ಲಿ ಪಿಜ್ಜಾ ಎಂದು ಬಣ್ಣದಲ್ಲಿ ಬರೆಸಿದ್ದರು. ಕೊಟ್ಟಿದ್ದು ಚಪ್ಪಟೆ ಬನ್ನು, ಮೇಲೆ ದೊಣ್ಣೆಮೆಣಸಿನಕಾಯಿ, ತುರಿದ ಕ್ಯಾರೆಟ್, ಸಿಹಿ ಸಾಸು. ನನಗೇನೋ ರುಚಿಸಿತು. ಆದರೆ ನಿಂತುಕೊಂಡು ತಿನ್ನಬೇಕು, ಪಕ್ಕದ ತಟ್ಟೆಯಲ್ಲೇ ಮೊಟ್ಟೆ ಪಫ್ಸು. "ಫಲಾರದ ಹೆಂಗಸು ಇದನ್ನ ನೋಡಿದ್ರೆ, ಹುಡುಗನ್ನೂ ಎಳ್ಕೊಂಡು ವಾಪಸ್ ಹೋಗ್ತಾರೆ," ಎಂದು ಚಿಕ್ಕಮ್ಮ ಅರ್ಧ ಬನ್ನನ್ನು ನನ್ನ ಕೈಗಿಟ್ಟಳು.

ಮೂರನೆಯದನ್ನು ಹೇಳಿದವರು ಅವಳ ಬ್ಯಾಂಕಿನ ಸಹೋದ್ಯೋಗಿಯೊಬ್ಬರು. ಜೆ.ಪಿ. ನಗರದಲ್ಲಿ ಆಗ ಮನೆಗಿಂತ ಖಾಲಿ ಸೈಟುಗಳೇ ಜಾಸ್ತಿ. ಮೂರು ಸಲ ದಾರಿ ತಪ್ಪಿ, ನಾಯಿಗಳ ಕೈಲಿ ಅಟ್ಟಿಸಿಕೊಂಡು ಹುಡುಕಿದೆವು. ಕೊನೆಗೆ ಸಿಕ್ಕಿದ್ದು ಸಾಧಾರಣ ಮನೆ. ಕಾರು ನಿಲ್ಲಿಸುವ ಜಾಗದಲ್ಲಿ ಐದು ಮೇಜು, ಹಿತ್ತಲಲ್ಲಿ ಕರಿಬೇವಿನ ಮರದ ಪಕ್ಕ ಇಟ್ಟಿಗೆಯಲ್ಲಿ ಕಟ್ಟಿದ ಒಲೆ. ಮನೆಯ ಯಜಮಾನರು ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದು ನಿವೃತ್ತರಾದವರು, ಇಟಲಿಯ ಬಂದರುಗಳಲ್ಲಿ ಕಲಿತ ಅಡುಗೆ. ಬಡಿಸುವವರು ಅವರ ಹೆಂಡತಿ. ಬೆಲೆ ನಮ್ಮ ಕಡೆಯ ಒಳ್ಳೆಯ ಹೋಟೆಲಿಗಿಂತ ಹೆಚ್ಚೇನಿಲ್ಲ. ಬೆಳಕು ಸೊಗಸಾಗಿತ್ತು, ಯಾರ ಮುಖ ಬೇಕಾದರೂ ನೋಡಬಹುದಿತ್ತು. ಚಿಕ್ಕಮ್ಮ ನನ್ನ ತೋಳು ಜಿಗುಟಿದಳು.

ಈರುಳ್ಳಿ ಬೇಡ ಅಂದಾಗ ಒಪ್ಪಿದ ಯಜಮಾನರ ಮುಖ, ಬೆಳ್ಳುಳ್ಳಿಯ ಮಾತೆತ್ತಿದಾಗ ಇಳಿಯಿತು. "ಬೆಳ್ಳುಳ್ಳಿ ಇಲ್ಲದೆ ಮಾಡೋದು ಅಂದ್ರೆ, ಬಲಗೈ ಕಟ್ಟಿಹಾಕಿ ಬರಿ ಅಂದ ಹಾಗಾಯ್ತಲ್ಲ ಮೇಡಂ."

"ಒಂದಿನ ಎಡಗೈಲಿ ಬರೀರಿ," ಅಂದರು ಒಳಗಿನಿಂದ ಅವರ ಹೆಂಡತಿ. "ಹುಡುಗಿ ಮದುವೆ ವಿಷಯ ಅಂತಿದಾಳೆ."

ನಾವು ಮನೆಗೆ ಬಂದು ಜಾಗದ ವರ್ಣನೆ ಮಾಡಿದ್ದೇ ಮಾಡಿದ್ದು. ಅಜ್ಜಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಶುಕ್ರವಾರ ಸಂಜೆ ಮಾತ್ರ ನನ್ನನ್ನು ಅಡುಗೆಮನೆಗೆ ಕರೆದು ಕಾಗದದ ಪೊಟ್ಟಣ ಕೊಟ್ಟರು. ಮೂಸಿದೆ. ಇಂಗು.

"ಬೆಳ್ಳುಳ್ಳಿ ಬಿಟ್ರೆ ಸಪ್ಪೆ ಹೊಡೆಯತ್ತೆ. ಟೊಮೇಟೊ ಕುದಿಯೋವಾಗ ಒಂದು ಚಿಟಿಕೆ ಹಾಕೋಕೆ ಹೇಳು ಅವರಿಗೆ."

"ಹಾಗಾದ್ರೆ ನೀವು ಚಿಕ್ಕಮ್ಮನ ಪಾರ್ಟಿನಾ ಅಜ್ಜಿ?"

"ನಾನು ಯಾರ ಪಾರ್ಟಿನೂ ಅಲ್ಲ. ಸಪ್ಪೆ ಊಟ ಹಾಕಿದ್ರು ಅಂತ ಇನ್ನೊಂದು ಮನೇಲಿ ಅನ್ನಿಸ್ಕೊಳೋದು ಬೇಡ. ಹೋಗು."

ಶನಿವಾರ ಇಳಿಹೊತ್ತಿಗೇ ನಾವು ನಾಲ್ವರೂ ಹೋಗಿ ಕೂತೆವು. ಚಿಕ್ಕಮ್ಮ ರೇಷ್ಮೆ ಉಡಲಿಲ್ಲ. ಬ್ಯಾಂಕಿಗೆ ಉಡುವ ಹಸಿರು ಕಾಟನ್ ಸೀರೆ. ಆರು ಗಂಟೆಗೆ ತಾಯಿ ಮಗ ಬಸ್ಸಿಳಿದು ನಡೆದುಕೊಂಡು ಬಂದರು. ಹುಡುಗ ಉದ್ದಕ್ಕೆ, ಸ್ವಲ್ಪ ಬಾಗಿಕೊಂಡು, ಬಾಗಿಲಲ್ಲಿ ಚಪ್ಪಲಿ ಬಿಡಬೇಕೋ ಬೇಡವೋ ತಿಳಿಯದೆ ನಿಂತರು. ಚಿಕ್ಕಮ್ಮ ತಲೆ ಎತ್ತಿ, "ನಾವೂ ಹೀಗೇ ನಿಂತಿದ್ವಿ. ಹಾಕ್ಕೊಂಡೇ ಬನ್ನಿ," ಅಂದಳು. ವಧುಪರೀಕ್ಷೆಯಲ್ಲಿ ಅವಳು ತಾನೇ ಮೊದಲು ಮಾತಾಡಿದ್ದನ್ನು ನಾನು ಕಂಡಿದ್ದು ಅವತ್ತೇ.

"ಇಲ್ಲಿ ಏನು ಚೆನ್ನಾಗಿರತ್ತೆ?" ಎಂದು ಹುಡುಗನ ತಾಯಿ ತಾತನನ್ನು ಕೇಳಿದರು.

"ನಮಗೂ ಗೊತ್ತಿಲ್ಲಮ್ಮ," ಅಂದರು ತಾತ. "ಹೆಸರುಗಳನ್ನ ಓದೋಕೇ ಆಗ್ತಿಲ್ಲ."

ಆ ಮಾತಿಗೆ ಎಲ್ಲರೂ ನಕ್ಕರು. ಮೇಜಿನ ಆ ಕಡೆ ಗಂಡಿನವರು, ಈ ಕಡೆ ಹೆಣ್ಣಿನವರು ಎಂದು ಬಿಗಿದುಕೊಂಡಿದ್ದವರು ಒಂದೇ ಮೆನುವಿನ ಮೇಲೆ ಬಗ್ಗಿದೆವು. ಚಿಕ್ಕಮ್ಮನ ಲೆಕ್ಕಾಚಾರ ಸರಿಹೋಯಿತು ಎಂದು ನಾನು ಒಳಗೊಳಗೇ ಕುಣಿಯುತ್ತಿದ್ದೆ.

ಹೇಗೋ ಎರಡು ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದೆವು. ಸ್ವಲ್ಪ ಹೊತ್ತಿಗೆ ಯಜಮಾನರ ಹೆಂಡತಿ ದೊಡ್ಡ ಬೋಗುಣಿ ತಂದು ಮಧ್ಯೆ ಇಟ್ಟರು. ಕೆಂಪು ಸಾರಿನಲ್ಲಿ ಹೊರಳಿಸಿದ ಉದ್ದುದ್ದ ಶಾವಿಗೆ, ಮೇಲೆ ಹಬೆ. ತಟ್ಟೆಗಳನ್ನೂ ದೊಡ್ಡ ಚಮಚವನ್ನೂ ಪಕ್ಕದಲ್ಲಿಟ್ಟು, ಪಿಜ್ಜಾ ತರಲು ಒಳಗೆ ಹೋದರು.

ಹುಡುಗನ ತಾಯಿ ಆ ಚಮಚವನ್ನು ಚಿಕ್ಕಮ್ಮನ ಕಡೆ ಸರಿಸಿದರು. ಅದರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ, ಅಭ್ಯಾಸಬಲ ಅಷ್ಟೆ. "ನೀನೇ ಬಡಿಸಮ್ಮ ಎಲ್ಲರಿಗೂ. ನಿನ್ನ ಕೈಯಿಂದಲೇ ಆಗ್ಲಿ."

ಚಿಕ್ಕಮ್ಮನ ಕೈ ಮೇಜಿನ ಕೆಳಗೆ ನನ್ನ ಕೈ ಹಿಡಿಯಿತು. ಇಷ್ಟು ದೂರ ಬಂದರೂ ತಟ್ಟೆ ಅವಳನ್ನು ಹುಡುಕಿಕೊಂಡು ಬಂದಿತ್ತು. ಬಡಿಸಿದರೆ ಮತ್ತೆ ಅದೇ ವರಾಂಡ. ಒಲ್ಲೆ ಅಂದರೆ ಎದುರಿಗಿರುವ ಹಿರಿಯರಿಗೆ ಅವಮಾನ, ಸಂಬಂಧ ಅಲ್ಲಿಗೇ ನಿಲ್ಲುತ್ತದೆ. ತಾತ ನೀರಿನ ಲೋಟ ಎತ್ತಿದವರು ಕುಡಿಯಲಿಲ್ಲ.

"ಅವಳು ಬಡಿಸೋದು ಬೇಡ ಬಿಡಿ," ಅಂದರು ಅಜ್ಜಿ.

ನಾನು ಅಜ್ಜಿಯ ಕಡೆ ತಿರುಗಿದೆ.

"ಮದುವೆಯಾದಾಗಿನಿಂದ ದಿನಾ ನಾನು ಬಡಿಸಿದೀನಿ. ಎಲ್ಲರದೂ ಆದ್ಮೇಲೆ, ಪಾತ್ರೆ ತಳದಲ್ಲಿ ಉಳಿದದ್ದು ನನ್ನ ಊಟ. ಇವತ್ತು ಒಂದು ದಿನ ಬಿಸಿಬಿಸಿ ತಿನ್ನೋಣ ಅಂತ ಬಂದಿದೀನಿ. ನೀವೂ ಸುಮ್ಮನೆ ಕೂತ್ಕೊಳ್ಳಿ. ನೀವು ಬಡಿಸಿರೋದೇನು ಕಮ್ಮಿ ಇರಲ್ಲ."

ಹುಡುಗನ ತಾಯಿ ಚಮಚವನ್ನು ಮತ್ತೆ ಬೋಗುಣಿಯ ಪಕ್ಕಕ್ಕೆ ಎಳೆದಿಟ್ಟರು. ಆಮೇಲೆ ಸೆರಗಿನಿಂದ ಹಣೆ ಒರೆಸಿಕೊಂಡು, "ಹೌದು ಕಣ್ರೀ," ಅಂದರು. "ಬೇರೆಯವರು ಬಡಿಸಿ ನಾನು ತಿಂದು ಯಾವ ಕಾಲ ಆಯ್ತೋ."

ಹುಡುಗ ಎದ್ದರು. ಚಮಚ ತೆಗೆದುಕೊಂಡು ಮೊದಲು ತಾಯಿಗೆ, ಆಮೇಲೆ ಅಜ್ಜಿಗೆ, ತಾತನಿಗೆ, ನನಗೆ ಬಡಿಸಿದರು. ಬಡಿಸಿದರು ಅನ್ನುವುದು ದೊಡ್ಡ ಮಾತು. ಶಾವಿಗೆ ಚಮಚದಲ್ಲಿ ನಿಲ್ಲದು, ಎತ್ತಿದರೆ ಬೋಗುಣಿಗೂ ತಟ್ಟೆಗೂ ಸೇತುವೆ. ಚಿಕ್ಕಮ್ಮನ ಹತ್ತಿರ ಬರುವ ಹೊತ್ತಿಗೆ ಮೇಜಿನ ಮೇಲೆ, ಅವರ ಅಂಗಿಯ ತೋಳಿನ ಮೇಲೆ, ಎಲ್ಲ ಕಡೆ ಶಾವಿಗೆ.

ಚಿಕ್ಕಮ್ಮ ತನ್ನ ತಟ್ಟೆಗೆ ಬಂದ ನಾಲ್ಕೆಳೆ ನೋಡಿ, "ಪರವಾಗಿಲ್ಲ," ಅಂದಳು. "ಆದ್ರೆ ಇನ್ನೂ ಕೈ ಹದ ಬಂದಿಲ್ಲ."

"ನಂದು ಮೊದಲನೇ ಸಲ," ಅಂದರು ಅವರು.

"ನಂದು ಏಳನೇದು."

ಅವರು ಚಮಚವನ್ನು ಬೋಗುಣಿಗೆ ಹಾಕಿದರು. ಆಮೇಲೆ ಕೂತು, "ನನಗೆ ಎಷ್ಟು ಮಾರ್ಕ್ಸು?" ಎಂದು ಕೇಳಿದರು. ಚಿಕ್ಕಮ್ಮ ನಕ್ಕಳು. ಮನೆಯಲ್ಲಿ ನನ್ನ ಜೊತೆ ನಗುವ ಹಾಗೆ, ಹಲ್ಲೆಲ್ಲ ಕಾಣುವ ಹಾಗೆ.

ಹುಡುಗನ ತಾಯಿ ಆಗಲೇ ಎರಡು ತುತ್ತು ತಿಂದಾಗಿತ್ತು. "ನಮ್ಮನೆ ಗೊಜ್ಜಿನ ವಾಸನೆ ಬರ್ತಿದೆಯಲ್ಲ. ಇಟಲಿಯೋರೂ ಇಂಗು ಹಾಕ್ತಾರಾ?"

"ಒಳ್ಳೆ ಮನೆಯವರು ಹಾಕ್ತಾರೆ," ಅಂದರು ಅಜ್ಜಿ, ತಟ್ಟೆಯಿಂದ ತಲೆ ಎತ್ತದೆ.

ಪಿಜ್ಜಾ ಬಂದಾಗ ಯಜಮಾನರೂ ಹಿಂದೆಯೇ ಬಂದು ಗೋಡೆಗೊರಗಿ ನಿಂತರು. ಅಜ್ಜಿ ಮೂರು ತುಂಡು ತಿಂದರು. ಬೀಳ್ಕೊಡುವಾಗ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದು, "ಆ ಪುಡಿ ಇನ್ನೂ ಸ್ವಲ್ಪ ಇದ್ರೆ ತಂದ್ಕೊಡು ಮರಿ," ಅಂದರು.

ಸೋಮವಾರ ಹನುಮಂತನಗರದಿಂದ ಒಪ್ಪಿಗೆ ಬಂತು. ತಾತ ಮೊದಲು ಚಿಕ್ಕಮ್ಮನನ್ನು ಕೇಳಿ, ಅವಳು ಹೂಂ ಅಂದ ಮೇಲೆ ಉತ್ತರ ಬರೆದರು. ವೈಶಾಖದಲ್ಲಿ ಮದುವೆ ಆಯಿತು.

ಮೂರು ವರ್ಷದ ಮೇಲೆ ನನ್ನ ಸರದಿ ಬಂತು. ಅಷ್ಟರಲ್ಲಿ ಜೆ.ಪಿ. ನಗರದ ಆ ಐದು ಮೇಜಿನ ಹೋಟೆಲು ಮುಚ್ಚಿಹೋಗಿತ್ತು, ತಾತನಿಗೆ ಮಂಡಿನೋವು. ಹಾಗಾಗಿ ನನ್ನನ್ನು ನೋಡಲು ಬಂದವರು ಜಯನಗರದ ವರಾಂಡದಲ್ಲೇ ಕೂತರು. ನಾನು ಅವರ ಎದುರಿನ ಕುರ್ಚಿಯಲ್ಲಿ ಕೂತಿದ್ದೆ, ಪಕ್ಕದಲ್ಲಿ ಚಿಕ್ಕಮ್ಮ. ಉಪ್ಪಿಟ್ಟು ಮಾಡಿದ್ದು ಅಜ್ಜಿ. ತಟ್ಟೆಗಳನ್ನು ಹಿಡಿದುಕೊಂಡು ಒಳಗಿನಿಂದ ಬಂದವರು ಚಿಕ್ಕಪ್ಪ.