ಎರಡು ಬಾಟಲಿ ನೀರು, ಒಂದು ಮನೆ

ಬಾಯಿಗೆ ಹಾಕಿಕೊಂಡ ನೀರನ್ನು ಅವರು ತಕ್ಷಣ ನುಂಗುತ್ತಿರಲಿಲ್ಲ. ಎರಡೂ ಕೆನ್ನೆ ಉಬ್ಬಿಸಿಕೊಂಡು, ಬಿಳಿ ಮೀಸೆಯ ತುದಿಯಲ್ಲಿ ಹನಿ ತೂಗುತ್ತಿದ್ದರೂ ಒರೆಸಿಕೊಳ್ಳದೆ, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಏನು ಹೇಳುತ್ತಾರೋ ಎಂದು ನಾವು ಗಂಡ ಹೆಂಡತಿ ಉಸಿರು ಬಿಗಿಹಿಡಿದು ಕಾಯುತ್ತಿದ್ದೆವು.

ಕೀಲ್ಪಾಕಿನ ಬಾಡಿಗೆ ಮನೆಯಲ್ಲಿ ನಮ್ಮ ಮೇಲಿನ ಮಹಡಿಯಲ್ಲಿದ್ದವರು ಅವರು. ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು, ನಮ್ಮೆಲ್ಲರಿಗೂ ಗಾರ್ಡ್ ಮಾಮ. ಮೈಸೂರು ಕಡೆಯವರಾದರೂ ನಲವತ್ತು ವರ್ಷದ ಮದ್ರಾಸು ಅವರ ಕನ್ನಡದೊಳಗೆ ಕಾಲು ಚಾಚಿ ಕೂತಿತ್ತು. ತೊಂಬತ್ತರ ದಶಕದ ಕೊನೆಗೆ ನಾವು ಸ್ವಂತ ಮನೆ ಕೊಳ್ಳುತ್ತೇವೆಂದಾಗ ನಮಗಿಂತ ಹೆಚ್ಚು ಕುಣಿದವರು ಅವರೇ.

"ಮೊದ್ಲು ತಣ್ಣಿ ನೋಡಮ್ಮಾ, ಮನೆ ಅಪ್ಪುರಂ" ಎಂದರು. ನೀರು ಮೊದಲು, ಮನೆ ಆಮೇಲೆ. ನಾವು ನೋಡಹೋದ ಮನೆಗಳಲ್ಲೆಲ್ಲ ನೀರು ಬಾಯಿಗೆ ಹಾಕಿಕೊಂಡು ಅವರು ಕೆನ್ನೆ ಉಬ್ಬಿಸುತ್ತಿದ್ದದ್ದು ಅದಕ್ಕೇ.

ನನಗೆ ಪಲ್ಲಾವರಂ ಹುಚ್ಚು. ಶುಕ್ರವಾರದ ಸಂತೆ, ತಲೆಯ ಮೇಲೇ ಹಾರುವ ವಿಮಾನ! ನನ್ನ ಗಂಡನಿಗೆ ಪಕ್ಕದ ಕ್ರೋಮ್‌ಪೇಟೆಯೇ ಆಗಬೇಕು. ಬ್ಯಾಂಕಿನ ಗೆಳೆಯರೆಲ್ಲ ಅಲ್ಲಿದ್ದರು. ಎರಡಕ್ಕೂ ನಡುವೆ ಒಂದೇ ಸ್ಟೇಷನ್ನಿನ ದೂರ, ನಮ್ಮ ಜಗಳಕ್ಕೆ ಮಾತ್ರ ಕೊನೆಯಿರಲಿಲ್ಲ. ಜೀವಮಾನಕ್ಕೆ ಒಂದೇ ಮನೆ ಕೊಳ್ಳುವ ಶಕ್ತಿ ನಮ್ಮದು, ತಪ್ಪಿದರೆ ತಿದ್ದಿಕೊಳ್ಳುವಂತಿರಲಿಲ್ಲ.

ಒಂದು ಭಾನುವಾರ ಮೂವರೂ ಲೋಕಲ್ ಟ್ರೈನು ಹತ್ತಿ, ನಾವು ಮೆಚ್ಚಿದ್ದ ಎರಡೂ ಮನೆಗಳ ಬೋರ್ ನೀರನ್ನು ಬಾಟಲಿಗಳಲ್ಲಿ ತಂದೆವು. ಮಾಮನಿಗೆ ತಮ್ಮ ನಾಲಗೆಗಿಂತ ತೊಗರಿಬೇಳೆಯ ಮೇಲೆ ನಂಬಿಕೆ ಜಾಸ್ತಿ. ಎರಡು ಒಲೆ, ಎರಡು ಪಾತ್ರೆ, ಒಂದೊಂದು ಹಿಡಿ ಬೇಳೆ. ಕುಕ್ಕರ್ ಕೂಡದು. ಬೇಳೆ ಯಾವ ನೀರಿನಲ್ಲಿ ಬೇಗ ಬೇಯುತ್ತದೋ ಅದೇ ನಮ್ಮ ಮನೆ.

ನಾನು ಮಾಡಬಾರದ ಕೆಲಸ ಮಾಡಿದೆ. ಯಾರೂ ನೋಡದಾಗ ಪಲ್ಲಾವರಂ ಪಾತ್ರೆಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿಬಿಟ್ಟೆ. ಬೇಳೆ ಬೆಣ್ಣೆಯಾಯಿತು. "ಗೆದ್ದೆ!" ಎಂದು ಕೂಗಿದೆ. ಇವರು ಸಪ್ಪೆ ಮುಖ ಹಾಕಿಕೊಂಡು ಹಾಲು ತರಲು ಹೋದರು. ಸಾರು ಮಾಡೋಣವೆಂದು ಅದಕ್ಕೆ ಹುಣಸೆರಸ ಸುರಿದದ್ದೇ ತಡ, ಪಾತ್ರೆ ಬುಸ್ಸೆಂದು ನೊರೆಯುಕ್ಕಿತು. ಮಾಮ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು.

"ಬೇಳೇಗೇನೋ ಸೋಡಾ ಹಾಕ್ದೆ. ದಿನಾ ಬೋರಿಗೆ ಹಾಕಕ್ಕಾಗತ್ತೇನಮ್ಮಾ?"

ನನ್ನ ಕಿವಿ ಬಿಸಿಯಾಯಿತು. ಇವರು ಹಾಲು ಹಿಡಿದು ಬಂದಾಗ ಮಾಮನೇ ಹೇಳಿದರು: "ಉರಿ ಸರಿಯಿರ್ಲಿಲ್ಲಪ್ಪಾ, ಇನ್ನೊಂದ್ಸಲ ಇಡೋಣ." ಎರಡನೆಯ ಸಲ ಪಲ್ಲಾವರಂ ಮನೆಯ ನೀರಿನಲ್ಲಿ ಬೇಳೆ ಒಂದು ಗಂಟೆಯಾದರೂ ಮಣಿಗಳಂತೆ ಉರುಳಾಡುತ್ತಿತ್ತು. ಕ್ರೋಮ್‌ಪೇಟೆಯದು ಹಣ್ಣಾಗಿತ್ತು. ಆ ಮನೆಯನ್ನೇ ಕೊಂಡೆವು.

ಗೃಹಪ್ರವೇಶದ ದಿನದಿಂದ ಹಿಡಿದು, ಯಾವಾಗ ಊಟಕ್ಕೆ ಬಂದರೂ ಮಾಮ ಒಂದು ಗುಟುಕು ಸಾರು ಕುಡಿದು, ಕೆನ್ನೆ ಉಬ್ಬಿಸಿಕೊಂಡು ನನ್ನನ್ನೇ ನೋಡುತ್ತಿದ್ದರು. ನುಂಗಿ, "ಫಸ್ಟ್ ಕ್ಲಾಸ್" ಎಂದು ನಗುತ್ತಿದ್ದರು. ಸೋಡಾದ ಮಾತು ಮಾತ್ರ ಅವರ ಬಾಯಿಂದ ಯಾವತ್ತೂ ಬರಲಿಲ್ಲ.

ಕೆಲವು ವರ್ಷಗಳ ಮೇಲೆ ಮಾಮ ತೀರಿಕೊಂಡರು. ಕೀಲ್ಪಾಕಿನಲ್ಲಿ ಹದಿಮೂರನೆಯ ದಿನದ ಊಟ ಮುಗಿಸಿ ಬರುವಾಗ, ಲೋಕಲ್ ಟ್ರೈನಿನಲ್ಲಿ ಇವರಿಗೆ ಎಲ್ಲವನ್ನೂ ಹೇಳಿಬಿಟ್ಟೆ.

"ಅದಕ್ಕೇನೇ, ಸಾರು ಬಡಿಸ್ದಾಗೆಲ್ಲ ಮಾಮ ನಿನ್ ಮುಖ ನೋಡಿ ನಗ್ತಿದ್ದಿದ್ದು!" ಎಂದರು.

ಪಲ್ಲಾವರಂ ದಾಟಿ ನಮ್ಮ ಸ್ಟೇಷನ್ ಬರುವವರೆಗೂ ಇಬ್ಬರೂ ನಗುತ್ತಲೇ ಇದ್ದೆವು. ನನಗೆ ಅಳು ಬಂದದ್ದು ಮನೆ ಸೇರಿ, ರಾತ್ರಿಯ ಸಾರಿಗೆ ಬೇಳೆ ತೊಳೆಯುವಾಗ.