ರತ್ನಳ ಅರ್ಜಿಯಲ್ಲಿದ್ದ ‘ಅನುಭವ ಇಲ್ಲ’

ಸ್ನೇಹಿತರೇ, ಪಕ್ಕದ ಮನೆಯ ರತ್ನಳನ್ನು ಇವತ್ತು ಬೆಳಿಗ್ಗೆ ಇಲ್ಲಿ ಅಮೆರಿಕದ ಲಿವೋನಿಯಾದ ಒಂದು ಸಸಿಗಳ ನರ್ಸರಿಗೆ ಕೆಲಸದ ಸಂದರ್ಶನಕ್ಕೆಂದು ಕರೆದುಕೊಂಡು ಹೋಗಿದ್ದೆ. ಅರ್ಜಿ ತುಂಬಿದ್ದವನು ಅವಳ ಇಂಜಿನಿಯರ್ ಗಂಡ ಮಹೇಶ. ಅನುಭವದ ಜಾಗದಲ್ಲಿ ‘ಇಲ್ಲ’ ಎಂದು ಬರೆದಿದ್ದ. ನನಗೆ ಮೈಯೆಲ್ಲ ಉರಿಯಿತು. ನಾಟಿ ಮುಗಿಸಿ ಕೆಸರುಗಾಲಿನಲ್ಲಿ ಎದುರಿಗೇ ನಿಂತಿದ್ದ ನನ್ನಜ್ಜಿಯ ಹೆಸರಿನ ಮುಂದೆ ಜನಗಣತಿಯವರು ‘ಕೆಲಸ ಇಲ್ಲ’ ಎಂದು ಬರೆದುಕೊಂಡು ಹೋದದ್ದನ್ನು ನಾನಿನ್ನೂ ಮರೆತಿಲ್ಲ. ಈ ರತ್ನ ಕನಕಪುರದ ಹಳ್ಳಿಯಲ್ಲಿ ಮದುವೆಯಾಗುವವರೆಗೂ ರೇಷ್ಮೆಹುಳ ಸಾಕಿದವಳು.

ಮ್ಯಾನೇಜರ್ ಹೆಂಗಸು ಅರ್ಜಿ ನೋಡಿ ತುಟಿ ಬಿಗಿದಳು. ಆದರೂ ಸೌಜನ್ಯಕ್ಕೆ ಸಸಿ ಬೆಳೆಸುವ ಗ್ರೀನ್‌ಹೌಸ್ ತೋರಿಸಿದಳು. ರತ್ನ ಬಾಗಿಲಲ್ಲೇ ನಿಂತುಬಿಟ್ಟಳು.

“ಅಕ್ಕಾ, ಇಲ್ಲಿ ತ್ಯಾವ ಜಾಸ್ತಿ ಆಗೈತೆ, ಗಾಳಿ ಆಡ್ತಿಲ್ಲ. ಹುಳದ್ ಮನೆ ಹಿಂಗಿದ್ರೆ ಒಂದೂ ಉಳಿಯಲ್ಲ. ಹೇಳಿ ಅವ್ರಿಗೆ.”

ಹೇಳಿದೆ. ಮ್ಯಾನೇಜರ್ ತೇವಾಂಶ ಅಳೆಯುವ ಮೀಟರ್ ನೋಡಿದವಳೇ ಓಡಿದಳು. ಹಿಂದಿನ ದೊಡ್ಡ ಫ್ಯಾನು ಕೆಟ್ಟು ನಿಂತಿತ್ತು, ಯಾರೂ ಗಮನಿಸಿರಲಿಲ್ಲ. ಅದನ್ನು ಸರಿಮಾಡಿಸಿ ಬಂದವಳು ಕೇಳಿದ್ದು ಒಂದೇ ಪ್ರಶ್ನೆ, ಸೋಮವಾರದಿಂದ ಬರುತ್ತೀರಾ ಎಂದು.

ವಾಪಸ್ಸು ಬರುವಾಗ ಕಾರಿನ ಸ್ಪೀಕರಿನಲ್ಲಿ ಮಹೇಶ. “ಎಕ್ಸ್‌ಪೀರಿಯನ್ಸ್ ಇಲ್ದೆ ಹೆಂಗೇ ತಗೊಂಡ್ರು?”

“ಹುಳ ಸಾಕಿದ್ದು ನೀವಾ, ನಾನಾ? ಇವತ್ತು ರಾತ್ರಿ ಅಡುಗೆ ನೀವೇ ಮಾಡಿ,” ಎಂದಳು ರತ್ನ.

ಪಾಪ ಮಹೇಶ. ಅರ್ಜಿಯಲ್ಲಿ ಅವನು ಬರೆದಿದ್ದ ಆ ಒಂದು ಪದ, ಇವತ್ತಿನ ಅಡುಗೆಯವನಿಗೆ ಮಾತ್ರ ಸರಿಯಾಗಿ ಹೊಂದುತ್ತದೆ.